ಮಗಳ ಬೆನ್ನು ಡೊಂಕಾಗಿದೆ: ಬೆಲ್ಟ್ ಸಾಕಾ, ಆಪರೇಷನ್ ಬೇಕಾ?

ಪ್ರಶ್ನೆ: ನಮ್ಮದು ಸಿಂಧನೂರು ತಾಲ್ಲೂಕು. ಮಗಳಿಗೆ 12 ವರ್ಷ. ಜಂಪರ್ ಅಳತೆ ತೆಗೆದುಕೊಳ್ಳುವಾಗ ಟೇಲರ್ ಅಕ್ಕ "ಒಂದು ಭುಜ ಮೇಲಿದೆ ನೋಡ್ರಿ" ಅಂದರು. ರಾಯಚೂರಿನಲ್ಲಿ ಎಕ್ಸ್‌ರೇ ತೆಗೆಸಿದೆವು. ಬೆನ್ನೆಲುಬು 28 ಡಿಗ್ರಿ ಡೊಂಕಾಗಿದೆ, ಬೆಲ್ಟ್ ಹಾಕಿಸಿ ಅಂದಿದ್ದಾರೆ. ಬೆಲ್ಟ್ ಹಾಕಿದರೆ ನೆಟ್ಟಗಾಗುತ್ತಾ? ಅಥವಾ ಮುಂದೆ ಆಪರೇಷನ್ ಮಾಡಿಸಲೇಬೇಕಾ? ಊರಲ್ಲಿ ಎಣ್ಣೆ ಹಚ್ಚಿ ತಿಕ್ಕಿಸಿ, ಸರಿಹೋಗುತ್ತೆ ಅಂತಾರೆ.

ಉತ್ತರ: ಮೊದಲೇ ಹೇಳಿಬಿಡುತ್ತೇನೆ ಅಕ್ಕಾ. ಬೆಲ್ಟ್ ಬೆನ್ನನ್ನು ನೆಟ್ಟಗೆ ಮಾಡುವುದಿಲ್ಲ. ಇರುವ ಡೊಂಕು ಜಾಸ್ತಿಯಾಗದಂತೆ ಹಿಡಿದಿಡುತ್ತದೆ, ಅಷ್ಟೇ. ಆದರೆ ನಿಮ್ಮ ಮಗಳ ವಯಸ್ಸಿನಲ್ಲಿ ಆಗಬೇಕಾಗಿರುವುದೂ ಅಷ್ಟೇ. ಬೆಳವಣಿಗೆ ಮುಗಿಯುವವರೆಗೆ ಡೊಂಕು 30 ಡಿಗ್ರಿಯ ಒಳಗೇ ನಿಂತರೆ, ಆಮೇಲೆ ಅದು ಹೆಚ್ಚುವುದು ಅಪರೂಪ. ಆಪರೇಷನ್ ಮಾತೇ ಬರುವುದಿಲ್ಲ.

ಇದಕ್ಕೆ ವೈದ್ಯರು ಸ್ಕೋಲಿಯೋಸಿಸ್ ಅನ್ನುತ್ತಾರೆ. ಬೆನ್ನೆಲುಬು ಪಕ್ಕಕ್ಕೆ ಬಾಗುವುದರ ಜೊತೆಗೆ ಸ್ವಲ್ಪ ತಿರುಚಿಕೊಳ್ಳುತ್ತದೆ. ಮಗಳಿಗೆ ಎರಡೂ ಕೈ ಜೋಡಿಸಿ, ಮೊಣಕಾಲು ಮಡಚದೆ ಮುಂದಕ್ಕೆ ಬಗ್ಗಲು ಹೇಳಿ, ಹಿಂದಿನಿಂದ ನೋಡಿ. ಒಂದು ಕಡೆಯ ಪಕ್ಕೆಲುಬು ಉಬ್ಬಿ ನಿಂತಿರುತ್ತದೆ. ಈ ಪರೀಕ್ಷೆ 1865ರಿಂದ ಬಳಕೆಯಲ್ಲಿದೆ, ಇವತ್ತಿಗೂ ವೈದ್ಯರು ಮೊದಲು ನೋಡುವುದು ಇದನ್ನೇ. ಹದಿಹರೆಯದ 100 ಮಕ್ಕಳಲ್ಲಿ ಇಬ್ಬರು ಮೂವರಿಗೆ 10 ಡಿಗ್ರಿಗಿಂತ ಜಾಸ್ತಿ ಡೊಂಕಿರುತ್ತದೆ. ಆದರೆ ಚಿಕಿತ್ಸೆ ಬೇಕಾಗುವಷ್ಟು ಡೊಂಕು ಹೆಣ್ಣುಮಕ್ಕಳಲ್ಲೇ ಬಹಳ ಹೆಚ್ಚು. ಭಾರದ ಸ್ಕೂಲ್ ಬ್ಯಾಗಿನಿಂದ ಇದು ಬರುವುದಿಲ್ಲ. ಬಗ್ಗಿ ಕೂತು ಓದಿದ್ದರಿಂದಲೂ ಅಲ್ಲ. "ನೀನೇ ನೆಟ್ಟಗೆ ಕೂರಲಿಲ್ಲ" ಅಂತ ಮಗಳನ್ನು ಬೈಯುವವರಿದ್ದರೆ ದಯವಿಟ್ಟು ಇವತ್ತೇ ನಿಲ್ಲಿಸಲಿ.

ಡಿಗ್ರಿ ಎಷ್ಟು ಅನ್ನುವುದರ ಜೊತೆಗೆ, ಇನ್ನೆಷ್ಟು ಬೆಳೆಯಲಿಕ್ಕಿದೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ನನ್ನ ಕೇಳಿದರೆ ಎರಡನೆಯದೇ ದೊಡ್ಡ ಲೆಕ್ಕ. ಅದಕ್ಕೇ ವೈದ್ಯರು "ದೊಡ್ಡವಳಾಗಿ ಎಷ್ಟು ತಿಂಗಳಾಯಿತು?" ಅಂತ ಕೇಳುತ್ತಾರೆ. ಸಂಕೋಚಪಡದೆ ಹೇಳಿ. ಮುಟ್ಟು ಶುರುವಾದ ಮೇಲೆ ಎತ್ತರ ಬೆಳೆಯುವುದು ಹೆಚ್ಚೂಕಡಿಮೆ ಎರಡು ವರ್ಷ. ಸೊಂಟದ ಮೂಳೆಯ ಅಂಚು ಎಷ್ಟು ಬಲಿತಿದೆ ಅಂತ ಎಕ್ಸ್‌ರೇಯಲ್ಲೂ ನೋಡುತ್ತಾರೆ, ಅದಕ್ಕೆ 0ಯಿಂದ 5ರವರೆಗೆ ಅಂಕ. ಬೆಳೆಯುವ ಮಗುವಿಗೆ ಡೊಂಕು 25 ಡಿಗ್ರಿಯ ಒಳಗಿದ್ದರೆ ನಾಲ್ಕಾರು ತಿಂಗಳಿಗೊಮ್ಮೆ ನೋಡುತ್ತಾ ಇರುವುದು. 25ರಿಂದ 40ರವರೆಗೆ ಬೆಲ್ಟ್. 45–50 ದಾಟಿದರೆ ಆಪರೇಷನ್ ಯೋಚನೆ. 50 ದಾಟಿದ ಡೊಂಕು ಬೆಳವಣಿಗೆ ನಿಂತ ಮೇಲೂ ವರ್ಷಕ್ಕೆ ಸುಮಾರು ಒಂದು ಡಿಗ್ರಿಯಂತೆ ಹೆಚ್ಚುತ್ತಾ ಹೋಗುವುದುಂಟು.

ಎಕ್ಸ್‌ರೇ ಬಗ್ಗೆ ಒಂದು ಮಾತು. ಮಗು ನಿಂತಿರುವಾಗ ಕುತ್ತಿಗೆಯಿಂದ ಸೊಂಟದವರೆಗೆ ಪೂರ್ತಿ ಬೆನ್ನು ಬರುವಂತೆ ತೆಗೆಸಬೇಕು. ಮಲಗಿಸಿ ತೆಗೆದದ್ದರಲ್ಲಿ ಡೊಂಕು ಕಡಿಮೆ ಕಾಣುತ್ತದೆ. ಅಳೆಯುವುದರಲ್ಲೇ ಐದು ಡಿಗ್ರಿಯಷ್ಟು ಆಚೀಚೆ ಆಗಬಹುದು, ಹಾಗಾಗಿ 28 ಇದ್ದದ್ದು 30 ಬಂತು ಅಂತ ಗಾಬರಿ ಬೇಡ. ಹಳೇ ಫಿಲ್ಮ್‌ಗಳನ್ನು ಮಾತ್ರ ಎಸೆಯಬೇಡಿ.

ಈಗ ಬೆಲ್ಟ್ ವಿಷಯಕ್ಕೆ ಬರೋಣ. ಮೆಡಿಕಲ್ ಶಾಪಿನಲ್ಲಿ ಸಿಗುವ, ನಡುವಿಗೆ ಸುತ್ತುವ ಎಲಾಸ್ಟಿಕ್ ಬೆಲ್ಟ್ ಇದಲ್ಲ. ಅದು ಸೊಂಟನೋವಿನವರಿಗೆ. ಅದನ್ನು ಕಟ್ಟಿಕೊಂಡು ಒಂದು ವರ್ಷ ಕಳೆದರೆ ಹೋದ ವರ್ಷ ವಾಪಸ್ ಬರುವುದಿಲ್ಲ. ಎಣ್ಣೆ ತಿಕ್ಕಿಸುವುದರ ಮೇಲೆ ನನ್ನ ಸಿಟ್ಟೂ ಇದೇ. ಎಣ್ಣೆಯಿಂದ ಕೆಡುಕೇನಿಲ್ಲ, ಕಾಯುವುದರಿಂದ ಕೆಡುಕು. ಜಗ್ಗಿ, ತಿರುವಿ, ಎಲುಬು ಕೂರಿಸುತ್ತೇನೆ ಅನ್ನುವವರ ಹತ್ತಿರವಂತೂ ಬೇಡವೇ ಬೇಡ.

ನಿಮ್ಮ ಮಗಳಿಗೆ ಬೇಕಾದದ್ದು ಅವಳ ಮೈಯ ಅಳತೆಗೇ ಮಾಡಿಸುವ ಗಟ್ಟಿ ಪ್ಲಾಸ್ಟಿಕ್ ಕವಚ. ಇಂಗ್ಲಿಷಿನವರ ಬಾಯಲ್ಲಿ ಬ್ರೇಸ್. ಕೃತಕ ಕಾಲು ಮಾಡುವ ತಜ್ಞರೇ ಇದನ್ನೂ ಮಾಡುತ್ತಾರೆ. ಮೈಗೆ ಪ್ಲಾಸ್ಟರ್ ಪಟ್ಟಿ ಸುತ್ತಿ ಅಚ್ಚು ತೆಗೆಯುತ್ತಾರೆ, ಕೆಲವು ಕಡೆ ಸ್ಕ್ಯಾನ್ ಮಾಡುತ್ತಾರೆ. ಕೈಯಲ್ಲಿ ಹಿಡಿದು ಒಳಗೆ ನೋಡಿ: ಡೊಂಕು ಉಬ್ಬಿದ ಕಡೆ ಒತ್ತಲು ದಪ್ಪ ಮೆತ್ತೆ ಇರುತ್ತದೆ. ಅದರ ಎದುರು ಬದಿಯಲ್ಲಿ ಖಾಲಿ ಜಾಗ ಬಿಟ್ಟಿರುತ್ತಾರೆ. ಮೆತ್ತೆ ಒತ್ತಿದಾಗ ಮೈ ಸರಿಯಬೇಕಾದದ್ದು ಆ ಖಾಲಿ ಜಾಗಕ್ಕೆ. ಪಟ್ಟಿ ಎಲ್ಲಿಯವರೆಗೆ ಎಳೆಯಬೇಕು ಅಂತ ಪೆನ್ನಿನಿಂದ ಗುರುತು ಹಾಕಿಸಿಕೊಂಡು ಬನ್ನಿ. ಬಿಗಿ ಅಂತ ಮನೆಯಲ್ಲಿ ಸಡಿಲ ಬಿಟ್ಟರೆ ಅದು ಸುಮ್ನೆ ತೊಟ್ಟ ಪ್ಲಾಸ್ಟಿಕ್ ಅಂಗಿ. ಹಾಕಿಕೊಂಡ ಮೇಲೆ ಒಮ್ಮೆ ಎಕ್ಸ್‌ರೇ ತೆಗೆದು, ಕವಚದೊಳಗೆ ಡೊಂಕು ಎಷ್ಟು ಇಳಿದಿದೆ ಅಂತ ನೋಡಬೇಕು. ಎಷ್ಟೋ ಕಡೆ ಇದನ್ನು ಬಿಟ್ಟುಬಿಡುತ್ತಾರೆ. ನೀವೇ ಕೇಳಿ.

ಎಷ್ಟು ಹೊತ್ತು ಹಾಕಬೇಕು? ಅಮೆರಿಕ ಮತ್ತು ಕೆನಡಾದ ಆಸ್ಪತ್ರೆಗಳು ಸೇರಿ ನಡೆಸಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಬೆಲ್ಟ್ ಹಾಕಿದ ಮಕ್ಕಳಲ್ಲಿ 100ಕ್ಕೆ 72 ಮಂದಿಗೆ ಡೊಂಕು 50 ಮುಟ್ಟದೆ ಬೆಳವಣಿಗೆ ಮುಗಿಯಿತು. ಹಾಕದವರಲ್ಲಿ 48. ಅಂದರೆ ಹಾಕದಿದ್ದರೂ ಕೆಲವರಿಗೆ ಏನೂ ಆಗುವುದಿಲ್ಲ, ಹಾಕಿದರೂ ಕೆಲವರಿಗೆ ಆಪರೇಷನ್ ತಪ್ಪುವುದಿಲ್ಲ. ಕವಚದೊಳಗೆ ಶಾಖ ಅಳೆಯುವ ಸಣ್ಣ ಯಂತ್ರ ಇಟ್ಟಿದ್ದರಿಂದ, ಯಾರು ನಿಜವಾಗಿ ಎಷ್ಟು ಹೊತ್ತು ಹಾಕಿದರು ಅನ್ನುವುದೂ ಗೊತ್ತಾಯಿತು. ದಿನಕ್ಕೆ ಸುಮಾರು 13 ಗಂಟೆಗಿಂತ ಜಾಸ್ತಿ ಹಾಕಿದವರಲ್ಲಿ 100ಕ್ಕೆ 90ಕ್ಕೂ ಹೆಚ್ಚು ಮಂದಿ ಗೆದ್ದರು. ವೈದ್ಯರು 18 ಗಂಟೆ ಅಂತ ಬರೆಯುವುದು ಸಾಮಾನ್ಯ.

ಏಪ್ರಿಲ್, ಮೇನಲ್ಲಿ 40 ದಾಟುವ ರಾಯಚೂರಿನ ಬಿಸಿಲಲ್ಲಿ 18 ಗಂಟೆ! ಬರೆಯುವುದು ಸುಲಭ ಅಲ್ವಾ? ಅದಕ್ಕೆ ರಾತ್ರಿಯನ್ನು ಬಿಡಬೇಡಿ. ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಏಳರವರೆಗೆ ಅಂದರೆ ಅಲ್ಲೇ ಹತ್ತು ಗಂಟೆ ಆಯಿತು. ಉಳಿದದ್ದನ್ನು ಬೆಳಗಿನ ತಂಪಿನಲ್ಲಿ, ಶಾಲೆಯಲ್ಲಿ, ಸಂಜೆ ಓದುವಾಗ ಹೊಂದಿಸಿ. ಆಟ, ಸ್ನಾನಕ್ಕೆ ಬಿಚ್ಚಲಿ. ಒಳಗೆ ತೆಳ್ಳನೆ ಹತ್ತಿ ಬನಿಯನ್ ಮಡಿಕೆ ಬೀಳದ ಹಾಗೆ ಹಾಕಿ, ಬೆವರಿದರೆ ಬದಲಿಸಿ. ಕವಚದ ಕೆಳಗೆ ಎಣ್ಣೆ, ಕ್ರೀಮ್ ಬೇಡ, ಚರ್ಮ ಮೆತ್ತಗಾಗಿ ಬೇಗ ಸುಲಿಯುತ್ತದೆ. ಬಿಚ್ಚಿದಾಗ ಕಾಣುವ ಕೆಂಪು ಅರ್ಧ ಗಂಟೆಯಲ್ಲಿ ಹೋದರೆ ಚಿಂತೆಯಿಲ್ಲ. ಹೋಗದಿದ್ದರೆ ಮಾಡಿಕೊಟ್ಟವರ ಹತ್ತಿರ ಒಯ್ದು ಸರಿಮಾಡಿಸಿ, ಮನೆಯಲ್ಲಿ ಕತ್ತರಿಸಬೇಡಿ. ಕ್ಲಾಸ್ ಟೀಚರಿಗೆ ಮೊದಲೇ ಹೇಳಿಡಿ. ಎಷ್ಟೋ ಹುಡುಗಿಯರಿಗೆ ನೋವಿಗಿಂತ ಗೆಳತಿಯರ ನಗುವೇ ಕಷ್ಟ.

ಆಪರೇಷನ್ ಬೇಕಾಗಿ ಬಂದರೆ ಅದು ಹೀಗೆ. ಬೆನ್ನಿನ ಮಣಿಗಳಿಗೆ ಸ್ಕ್ರೂ ಹಾಕಿ, ಎರಡು ಲೋಹದ ಸರಳು ಜೋಡಿಸಿ ಡೊಂಕು ಇಳಿಸುತ್ತಾರೆ. ಮೂಳೆಯ ಚೂರು ಹರಡಿ ಅಷ್ಟು ಮಣಿಗಳೂ ಒಂದಾಗಿ ಬೆಸೆಯುವಂತೆ ಮಾಡುತ್ತಾರೆ. ನಾಲ್ಕಾರು ಗಂಟೆಯ ಕೆಲಸ. ಕಾಲು ಬಿದ್ದುಹೋಗುತ್ತಾ ಅನ್ನುವ ಭಯ ಎಲ್ಲರಿಗೂ ಇದೆ. ಅಪಾಯ ಇಲ್ಲವೇ ಇಲ್ಲ ಅನ್ನಲಾಗದು, ಆದರೆ ಈ ಬಗೆಯ ಡೊಂಕಿನಲ್ಲಿ ಅದು 100ಕ್ಕೆ ಒಂದಕ್ಕಿಂತ ಕಡಿಮೆ. ಆಪರೇಷನ್ ನಡೆಯುವಾಗಲೇ ಬೆನ್ನುಹುರಿಯ ಸಂಕೇತವನ್ನು ಯಂತ್ರದಲ್ಲಿ ನೋಡುತ್ತಿರುತ್ತಾರೆ. ಆ ಯಂತ್ರ ಇದೆಯಾ ಅಂತ ಧೈರ್ಯವಾಗಿ ಕೇಳಿ. ಬೆಸೆದ ಭಾಗ ಆಮೇಲೆ ಬಾಗುವುದಿಲ್ಲ, ಬೆಳೆಯುವುದೂ ಇಲ್ಲ. ಅದಕ್ಕೇ ಹತ್ತು ವರ್ಷದೊಳಗಿನ ಮಕ್ಕಳಿಗೆ ಉದ್ದ ಮಾಡಬಹುದಾದ ಬೇರೆ ಸರಳು ಹಾಕುತ್ತಾರೆ. ಒಂದೂವರೆ ತಿಂಗಳಿನೊಳಗೆ ಹೆಚ್ಚಿನವರು ಶಾಲೆಗೆ ಹೋಗುತ್ತಾರೆ. ಮುಂದೆ ಮದುವೆ, ಬಸಿರು, ಬಾಣಂತನ ಯಾವುದಕ್ಕೂ ಅಡ್ಡಿಯಿಲ್ಲ.

ಬೆಲ್ಟ್ ಕೆಲಸಕ್ಕೆ ಬಾರದ ಡೊಂಕುಗಳೂ ಇವೆ. ಹುಟ್ಟಿನಿಂದಲೇ ಮಣಿ ಅರ್ಧ ರೂಪುಗೊಂಡಿದ್ದರೆ ಬೆಲ್ಟ್ ಅದನ್ನು ತಡೆಯದು. ಬೆನ್ನಿನ ನಡುವೆ ಒಂದೇ ಕಡೆ ಗೂನು ಎದ್ದು, ಸಂಜೆ ಜ್ವರ, ತೂಕ ಇಳಿಯುವುದು, ರಾತ್ರಿ ನೋವು ಇದ್ದರೆ ಅದು ಟಿಬಿ ಇರಬಹುದು. ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ, ಒಂದು ವರ್ಷದವರೆಗೂ ನುಂಗಬೇಕಾಗಬಹುದು. ಅಲ್ಲಿ ಬೆಲ್ಟ್ ಬರೀ ಆಸರೆಗೆ. ನಮ್ಮ ಕಡೆ ಬೋರ್‌ವೆಲ್ ನೀರಿನ ಫ್ಲೋರೈಡ್ ಮೇಲೂ ಅನುಮಾನ ಬರುತ್ತದೆ. ರಾಯಚೂರು, ಕೊಪ್ಪಳ, ಬಳ್ಳಾರಿಯ ಹಳ್ಳಿಗಳಲ್ಲಿ ಅದು ನಿಜವಾದ ತೊಂದರೆಯೇ. ಆದರೆ ಅದು ವರ್ಷಗಟ್ಟಲೆ ಕುಡಿದವರ ಬೆನ್ನನ್ನು ಸೆಟೆದು ನಿಲ್ಲಿಸುವಂಥದ್ದು. 12ರ ಹುಡುಗಿಯ ಬೆನ್ನು ಹೀಗೆ ಪಕ್ಕಕ್ಕೆ ಬಾಗಲು ಕಾರಣ ಅದಲ್ಲ. ಇನ್ನು, ಕಾಲು ಸೋಲುವುದು, ಮೂತ್ರದ ಹಿಡಿತ ತಪ್ಪುವುದು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ತೋರಿಸುವುದಕ್ಕೆ ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್, ಬಳ್ಳಾರಿಯ ಬಿಎಂಸಿಆರ್‌ಸಿ (ಮೊದಲಿನ ವಿಮ್ಸ್) ಸರ್ಕಾರಿ ಆಸ್ಪತ್ರೆಗಳಿವೆ. ಮೂಳೆ ವಿಭಾಗಕ್ಕೆ ಹೋಗಿ. ದೊಡ್ಡ ಆಪರೇಷನ್ನಿಗೆ ಬೆಂಗಳೂರಿನ ಸಂಜಯ್ ಗಾಂಧಿ ಆಸ್ಪತ್ರೆಯಂಥ ಕಡೆಗೆ ಬರೆದುಕೊಡಬಹುದು. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ನೆರವಿದೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಮೊದಲೇ ಮಾಡಿಸಿಕೊಳ್ಳಿ. ಯಾವ ಆಪರೇಷನ್ ಅದರಲ್ಲಿ ಬರುತ್ತದೆ ಅಂತ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಿ, ಬೆಲ್ಟಿನ ಖರ್ಚನ್ನೂ ಸೇರಿಸಿ ಕೇಳಿ. ಈ ಡೊಂಕು ಒಂದೇ ಮನೆಯಲ್ಲಿ ಇಬ್ಬರಿಗೂ ಬರುವುದುಂಟು. ಚಿಕ್ಕ ಮಕ್ಕಳಿದ್ದರೆ ಅವರನ್ನೂ ಆರು ತಿಂಗಳಿಗೊಮ್ಮೆ ಬಗ್ಗಿಸಿ ನೋಡುತ್ತಿರಿ.