ಮೊದಲು ಚಕ್ರ, ಆಮೇಲೆ ಗರಗಸ

ಕಳೆದ ಮಳೆಗಾಲದಲ್ಲಿ ಒಬ್ಬರು ಶೂ ಡಬ್ಬಿ ಹಿಡಿದುಕೊಂಡು ಬಸವನಗುಡಿಯ ನನ್ನ ಶೆಡ್ಡಿಗೆ ಬಂದರು. ಡಬ್ಬಿಯಲ್ಲಿ ಹಳೇ ಬನಿಯನ್ನಿನಲ್ಲಿ ಸುತ್ತಿಟ್ಟ ಒಂದು ಪುಟ್ಟ ಉಗಿಬಂಡಿ. ಕೆಲಸದ ಮೇಲೆ ಪೆನ್ಸಿಲ್ವೇನಿಯಾದಲ್ಲಿ ಕೆಲವು ವರ್ಷ ಇದ್ದು ಬಂದವರು. ಸ್ಟ್ರಾಸ್‌ಬರ್ಗ್‌ನ ರೈಲು ಮ್ಯೂಸಿಯಮ್ಮಿನಲ್ಲಿ ಪೆನ್ಸಿಲ್ವೇನಿಯಾ ರೈಲ್‌ರೋಡಿನ 1670 ನಂಬರಿನ ಶಂಟಿಂಗ್ ಎಂಜಿನ್ ನೋಡಿ ಮನಸೋತಿದ್ದರು. "ಇದನ್ನ ಹಂಗೇ ಮಾಡಿಕೊಡಿ. ಎರಡೂ ಆರು ಚಕ್ರದ್ದೇ ಅಲ್ವಾ?" ಅಂದರು.

ನಾನು ಹೊಟ್ಟೆಪಾಡಿಗೆ ಬಿಲ್ಡರ್‌ಗಳ ಅಪಾರ್ಟ್‌ಮೆಂಟ್ ಮಾಡೆಲ್ ಮಾಡುವವನು. ರೈಲಿನ ಕೆಲಸ ಆಗೊಮ್ಮೆ ಈಗೊಮ್ಮೆ ಬರುತ್ತದೆ. ಕಾಸು ಕಮ್ಮಿ, ತಲೆನೋವು ಜಾಸ್ತಿ. ಆದರೂ ಬಂದರೆ ಬಿಡುವುದಿಲ್ಲ. ಈ ಕೆಲಸಕ್ಕೆ ಕಿಟ್‌ಬ್ಯಾಶಿಂಗ್ ಅನ್ನುತ್ತಾರೆ. ರೆಡಿಮೇಡ್ ಮಾಡೆಲ್ ಒಂದನ್ನು ಕುಯ್ದು, ಇನ್ನೊಂದರ ಭಾಗ ಸೇರಿಸಿ, ಉಳಿದದ್ದನ್ನು ಕೈಯಲ್ಲಿ ಮಾಡಿ, ನಿಜವಾಗಿ ಓಡಿದ್ದ ಒಂದು ಎಂಜಿನ್‌ನ ರೂಪಕ್ಕೆ ತರುವುದು. ಹಳೇ ಸೀರೆಗಳಿಂದ ಕೌದಿ ಹೊಲಿದ ಹಾಗೆ. ಆದರೆ ಕೌದಿಗೆ ಯಾವ ಬಣ್ಣದ ಚೂರಾದರೂ ನಡೆಯುತ್ತದೆ, ಇಲ್ಲಿ ನಡೆಯುವುದಿಲ್ಲ.

ಆರು ಚಕ್ರ ಅನ್ನುವುದು ಸರಿ. 0-6-0 ಅಂದರೆ ಮುಂದೆ ಹಿಂದೆ ಪುಟ್ಟ ಚಕ್ರಗಳಿಲ್ಲ, ಇರುವ ಆರೂ ಎಳೆಯುವ ಚಕ್ರಗಳೇ. ಎಂಜಿನ್‌ನ ಪೂರ್ತಿ ಭಾರ ಅವುಗಳ ಮೇಲೇ ಬೀಳುವುದರಿಂದ ಹಿಡಿತ ಚೆನ್ನಾಗಿರುತ್ತದೆ. ಯಾರ್ಡಿನಲ್ಲಿ ನಿಧಾನಕ್ಕೆ ವ್ಯಾಗನ್ ತಳ್ಳಲು ಅಷ್ಟು ಸಾಕು. ವೇಗ ಯಾರಿಗೂ ಬೇಕಿಲ್ಲ.

ಆದರೆ ನಾನು ಡಬ್ಬಿಯಿಂದ ಮೊದಲು ಅಳೆದದ್ದು ಚಕ್ರವನ್ನು. ಅವರು ತಂದದ್ದು ಯುಎಸ್‌ಆರ್‌ಎ, ಅಂದರೆ ಅಮೆರಿಕದ ಸರ್ಕಾರಿ ರೈಲು ಆಡಳಿತದ (ಯುನೈಟೆಡ್ ಸ್ಟೇಟ್ಸ್ ರೈಲ್‌ರೋಡ್ ಅಡ್ಮಿನಿಸ್ಟ್ರೇಷನ್) ಮಾದರಿ. ಮೊದಲ ಮಹಾಯುದ್ಧದ ಹೊತ್ತಿಗೆ, 1917ರ ಕೊನೆಯಲ್ಲಿ, ಅಮೆರಿಕದ ಸರ್ಕಾರ ಅಲ್ಲಿನ ರೈಲ್ವೆಗಳನ್ನು ತನ್ನ ಕೈಗೆ ತೆಗೆದುಕೊಂಡಿತು. ಎಲ್ಲ ಕಂಪನಿಗಳಿಗೂ ಆಗುವಂಥ ಕೆಲವು ಎಂಜಿನ್ ವಿನ್ಯಾಸಗಳನ್ನು ತಯಾರಿಸಿತು. ಅದರಲ್ಲಿ 0-6-0 ಕೂಡ ಒಂದು, ಒಟ್ಟು 255 ಕಟ್ಟಿದರು. ಅದರ ಚಕ್ರ 51 ಇಂಚು. 1670 ಸೇರಿದ್ದು ಬಿ6ಎಸ್‌ಬಿ ಅನ್ನುವ ವರ್ಗಕ್ಕೆ, ಅದರ ಚಕ್ರ 56 ಇಂಚು. ಎಚ್‌ಒ ಅಳತೆಯಲ್ಲಿ, ಅಂದರೆ 87ನೇ ಒಂದು ಭಾಗಕ್ಕೆ ಇಳಿಸಿದಾಗ, ಒಂದು ಸುಮಾರು 14.9 ಮಿಲಿಮೀಟರ್, ಇನ್ನೊಂದು 16.3.

"ಒಂದೂವರೆ ಮಿಲಿಮೀಟರ್ ತಾನೇ?" ಅಂದರು. ಅಪಾರ್ಟ್‌ಮೆಂಟ್ ಮಾಡೆಲ್‌ನಲ್ಲಾದರೆ ನಾನೂ ಹಾಗೇ ಅನ್ನುತ್ತಿದ್ದೆ. ಆದರೆ ಚಕ್ರ ದೊಡ್ಡದಾದರೆ ಅದರ ಅಚ್ಚು (ಆಕ್ಸಲ್) ಮುಕ್ಕಾಲು ಮಿಲಿಮೀಟರಿನಷ್ಟು ಮೇಲಕ್ಕೇರುತ್ತದೆ. ಅದಕ್ಕೆ ತಕ್ಕಂತೆ ಸಿಲಿಂಡರ್, ಬಾಯ್ಲರ್, ಡ್ರೈವರ್ ನಿಲ್ಲುವ ಕ್ಯಾಬ್ ಎಲ್ಲ ಸರಿಯಬೇಕು. ಬ್ರೇಕ್ ಶೂ ಕೂರುವುದಿಲ್ಲ. ಚಕ್ರ, ಗೇರು, ಮೋಟರು, ಚೌಕಟ್ಟು ಇವು ಮನೆಯ ಪಾಯ ಇದ್ದ ಹಾಗೆ. ಮೇಲಿನದನ್ನು ಎಷ್ಟು ಬೇಕಾದರೂ ಒಡೆದು ಕಟ್ಟಬಹುದು, ಪಾಯ ಮುಟ್ಟಿದರೆ ಖರ್ಚು ಎರಡರಷ್ಟಾಗುತ್ತದೆ.

ಹಾಗಾಗಿ ನಾನು ಪ್ರಶ್ನೆಯನ್ನು ತಿರುಗಿಸುತ್ತೇನೆ. ಈ ಎಂಜಿನ್ ಬೇಕು, ಇದಕ್ಕೆ ಯಾವ ಮಾಡೆಲ್ ಕುಯ್ಯಲಿ ಅಂತಲ್ಲ. ಕೈಯಲ್ಲಿ ಈ ಚಕ್ರ ಇದೆ, ನಿಮ್ಮ ರೈಲ್ವೆಯಲ್ಲಿ ಈ ಚಕ್ರದ ಎಂಜಿನ್ ಯಾವುದಿತ್ತು? ಅದೃಷ್ಟಕ್ಕೆ ಉತ್ತರ ಹತ್ತಿರದಲ್ಲೇ ಇತ್ತು. ಪೆನ್ಸಿಲ್ವೇನಿಯಾದವರೂ 30 ಯುಎಸ್‌ಆರ್‌ಎ ಶಂಟರ್‌ಗಳನ್ನು ತೆಗೆದುಕೊಂಡು ಬಿ28 ಅಂತ ಹೆಸರಿಟ್ಟಿದ್ದರು. 1670ರ ಆಸೆ ಬಿಟ್ಟು ಬಿ28ಕ್ಕೆ ಒಪ್ಪಿಸಲು ಮೂರು ಲೋಟ ಕಾಫಿ ಹಿಡಿಯಿತು.

ಒಪ್ಪಿದ ಮೇಲೆ ಫೋಟೋ ಹುಡುಕಾಟ. ವರ್ಗದ ಫೋಟೋ ಸಾಲದು, ಒಂದೇ ನಂಬರಿನ, ಒಂದೇ ಕಾಲದ ಫೋಟೋ ಬೇಕು. ಒಂದೇ ದಿನ ಕಾರ್ಖಾನೆ ಬಿಟ್ಟ ಎರಡು ಎಂಜಿನ್‌ಗಳು ಇಪ್ಪತ್ತು ವರ್ಷದ ಮೇಲೆ ಅಣ್ಣತಮ್ಮಂದಿರ ಹಾಗೆಯೂ ಕಾಣುವುದಿಲ್ಲ. ವರ್ಕ್‌ಶಾಪಿಗೆ ಹೋದಾಗಲೆಲ್ಲ ಹೆಡ್‌ಲೈಟ್ ಜಾಗ ಬದಲಾಗುತ್ತದೆ, ಪೈಪು ಬೇರೆ ದಾರಿ ಹಿಡಿಯುತ್ತದೆ, ಟೆಂಡರ್, ಅಂದರೆ ಕಲ್ಲಿದ್ದಲು ನೀರು ಹೊರುವ ಹಿಂದಿನ ಬಂಡಿ, ಅದಲುಬದಲಾಗುತ್ತದೆ. ನಾನು ಒಮ್ಮೆ ಎರಡು ಕಾಲದ ಫೋಟೋ ಬೆರೆಸಿ, 1940ರ ದಶಕದ ಎಂಜಿನ್‌ಗೆ 1920ರ ದಶಕದ ಅಕ್ಷರ ಬರೆದುಕೊಟ್ಟಿದ್ದೆ. ಕೊಂಡವರಿಗೆ ಗೊತ್ತಾಗಲಿಲ್ಲ. ನನಗೆ ಮಾತ್ರ ಅದನ್ನು ನೋಡಿದಾಗಲೆಲ್ಲ ಪಂಚೆಯ ಮೇಲೆ ಟೈ ಕಟ್ಟಿದ ಹಾಗೆ ಕಾಣುತ್ತದೆ.

ಫೋಟೋದಿಂದ ಅಳತೆ ತೆಗೆಯುವುದು ಸುಲಭ, ಆದರೆ ಫೋಟೋ ನೇರ ಪಕ್ಕದಿಂದ ತೆಗೆದದ್ದಾಗಿರಬೇಕು. ಇಲ್ಲೂ ಚಕ್ರವೇ ಅಳತೆಕೋಲು. ಪ್ರಿಂಟಿನಲ್ಲಿ ಚಕ್ರ 34 ಮಿಲಿಮೀಟರ್ ಬಂತು ಅಂದುಕೊಳ್ಳಿ. ನಿಜದ್ದು 51 ಇಂಚು. ಅಂದರೆ ಪ್ರಿಂಟಿನ ಒಂದು ಮಿಲಿಮೀಟರ್ ಒಂದೂವರೆ ಇಂಚಿಗೆ ಸಮ. ಮರಳಿನ ಡೋಮ್, ಅಂದರೆ ಬಾಯ್ಲರ್ ಮೇಲೆ ಮರಳು ತುಂಬುವ ಗುಮ್ಮಟ, ಪ್ರಿಂಟಿನಲ್ಲಿ 20 ಮಿಲಿಮೀಟರ್ ಅಗಲ ಇದ್ದರೆ ನಿಜಕ್ಕೆ 30 ಇಂಚು, ಮಾಡೆಲ್‌ನಲ್ಲಿ 8.75 ಮಿಲಿಮೀಟರ್. ಈ 30 ಇಂಚು ನಮ್ಮ ಚಿಕ್ಕಬಳ್ಳಾಪುರ–ಕೋಲಾರದ ಹಳೇ ನ್ಯಾರೋಗೇಜ್ ಹಳಿಯ ಅಗಲವೂ ಹೌದು. ಯಾವ ಡೋಮ್ 30 ಇಂಚು ಬಂದರೂ ನನಗೆ ಆ ಲೈನು ನೆನಪಾಗುತ್ತದೆ.

ನಮ್ಮದೇ ಎಂಜಿನ್ ಯಾಕೆ ಮಾಡಬಾರದು ಅಂತ ತುಂಬಾ ಜನ ಕೇಳುತ್ತಾರೆ. ಮಾಡಬಹುದು. ಆದರೆ ನಮ್ಮ ಬ್ರಾಡ್‌ಗೇಜ್ 1676 ಮಿಲಿಮೀಟರ್, ಎಚ್‌ಒಗೆ ಇಳಿಸಿದರೆ 19.3. ಎಚ್‌ಒದ ರೆಡಿಮೇಡ್ ಹಳಿ 16.5. ಹಳಿ, ಹಳಿ ಕವಲೊಡೆಯುವ ಪಾಯಿಂಟು, ಚೌಕಟ್ಟು ಎಲ್ಲ ಕೈಯಲ್ಲೇ ಆಗಬೇಕು. ಮೊದಲ ಕೆಲಸಕ್ಕೆ ಅಷ್ಟು ಹೊರೆ ಬೇಡ ಅಂತ ನಾನು ಹೇಳುತ್ತೇನೆ.

ಇನ್ನು ಕುಯ್ಯುವ ಮಾತು. ಬಾಯ್ಲರ್ ಮೇಲೆ ಅಚ್ಚಿನಲ್ಲೇ ಬಂದ ಪೈಪುಗಳನ್ನು ಉಳಿಯಂಥ ಚಪ್ಪಟೆ ಬ್ಲೇಡಿನಿಂದ ಹೆರೆಯಬೇಕು. ಕ್ಯಾರೆಟ್ ಸಿಪ್ಪೆ ತೆಗೆದ ಹಾಗೆ, ತೆಳ್ಳಗೆ, ಹತ್ತು ಸಲ. ಆಮೇಲೆ ನೀರು ಹಾಕಿ ಮರಳು ಕಾಗದದಲ್ಲಿ ಉಜ್ಜಬೇಕು. ಹೊಸ ಪೈಪಿಗೆ ತಂತಿ ನನಗೆ ಎಸ್‌ಪಿ ರೋಡಿನಲ್ಲಿ ಸಿಗುತ್ತದೆ. ಮೋಟರ್ ಸುತ್ತುವ ತಾಮ್ರದ ತಂತಿ, ಬೇಕಾದ ದಪ್ಪಕ್ಕೆ. ಆದರೆ ಎಂಜಿನ್ ಪಕ್ಕದ ಹಿಡಿಕಂಬಿಗೆ ತಾಮ್ರ ಬೇಡ, ಮುಟ್ಟಿದರೆ ಬಾಗುತ್ತದೆ. ಅದಕ್ಕೆ ಗಿಟಾರಿನ ಅತಿ ಸಣ್ಣ ತಂತಿ, ಕಾಲು ಮಿಲಿಮೀಟರ್ ದಪ್ಪದ್ದು. ದಪ್ಪ ಪೈಪಿಗೆ ಇಂಜೆಕ್ಷನ್ ಸೂಜಿ. ವಿಸಿಲ್‌ಗೆ ಖಾಲಿ ರೀಫಿಲ್ಲಿನ ತುದಿ. ಎಂಜಿನ್ ಮೇಲೆ ತೂಗುವ ಗಂಟೆಗಾಗಿ ಚಿಕ್ಕಪೇಟೆಯ ಮಣಿ ಅಂಗಡಿಗೆ ಹೋಗುತ್ತೇನೆ. ಅಲ್ಲಿ ಯಾರ ಬ್ಲೌಸಿಗೆ ಅಂತ ಕೇಳಿದರೆ ಎಂಜಿನ್‌ಗೆ ಅನ್ನುವುದು ಕಷ್ಟ.

ಈ ಕೆಲಸದಲ್ಲೂ ಒಂದು ಪೆಟ್ಟು ತಿಂದೆ. ಉಗಿಯ ಡೋಮ್ ಸ್ವಲ್ಪ ಮುಂದೆ ಸರಿಯಬೇಕಿತ್ತು. ಒಳಗೆ ನೋಡದೆ ಗರಗಸ ಹಾಕಿದೆ. ಬಾಯ್ಲರನ್ನು ಚೌಕಟ್ಟಿಗೆ ಹಿಡಿದಿದ್ದ ಸ್ಕ್ರೂ ಕಂಬ ಸರಿಯಾಗಿ ಅದರ ಕೆಳಗೇ ಇತ್ತು. ಡೋಮ್ ಜೊತೆ ಅದೂ ಕೈಗೆ ಬಂತು. ಬಾಯ್ಲರಿನ ಮುಂದಿನ ಹೊಗೆಪೆಟ್ಟಿಗೆಯ (ಸ್ಮೋಕ್‌ಬಾಕ್ಸ್) ಕೆಳಗೆ ಹೊಸ ಕಂಬ ಕೂರಿಸಿ ಮರೆ ಕಟ್ಟಲು ಎರಡು ಭಾನುವಾರ ಹೋಯಿತು. ಸ್ಕ್ರೂ ಎಲ್ಲಿದೆ ಅಂತ ಟಾರ್ಚ್ ಹಾಕಿ ನೋಡಿ ಅಂತ ಹುಡುಗರಿಗೆ ಹೇಳಿಕೊಡುವವನು ನಾನೇ.

ಇನ್ನೊಂದು ಎಡವಟ್ಟನ್ನು ಮಾತ್ರ ತಪ್ಪಿಸಿಕೊಂಡೆ. ಪೆನ್ಸಿಲ್ವೇನಿಯಾ ಅಂದರೆ ಬೆಲ್‌ಪೇರ್ ಅಗ್ನಿಪೆಟ್ಟಿಗೆ, ಅಂದರೆ ಕ್ಯಾಬ್ ಮುಂದೆ ಚೌಕದ ಹೆಗಲು ಇರಲೇಬೇಕು ಅಂತ ಆ ರೈಲ್ವೆಯ ಅಭಿಮಾನಿಗಳ ಕೈ ತಾನಾಗಿ ಪ್ಲಾಸ್ಟಿಕ್ ಹಾಳೆಗೆ ಹೋಗುತ್ತದೆ. ಬಿ28 ಸರ್ಕಾರಿ ವಿನ್ಯಾಸ. ಹೆಗಲು ದುಂಡಗೇ ಇರಬೇಕು. ಕೆಲವೊಮ್ಮೆ ಏನೂ ಮಾಡದೆ ಬಿಡುವುದೇ ಕೆಲಸ. ಟೆಂಡರ್ ವಿಷಯ ತದ್ವಿರುದ್ಧ. ಡಬ್ಬಿಯಲ್ಲಿದ್ದದ್ದು ಹಿಂದೆ ಇಳಿಜಾರಿರುವ ಟೆಂಡರ್. ಹಿಂದಕ್ಕೆ ಹೋಗುವಾಗ ಡ್ರೈವರಿಗೆ ದಾರಿ ಕಾಣಲಿ ಅಂತ ಶಂಟರ್‌ಗಳಿಗೆ ಹಾಗೆ ಮಾಡುತ್ತಿದ್ದರು. ನೋಡಲು ಚಂದ. ಆದರೆ ಯುಎಸ್‌ಆರ್‌ಎ ಶಂಟರ್‌ಗಳು ಬಂದದ್ದು ನೆಟ್ಟಗಿನ ಪೆಟ್ಟಿಗೆಯಂಥ ಟೆಂಡರ್ ಜೊತೆ, ನಮಗೆ ಸಿಕ್ಕ ಫೋಟೋದಲ್ಲೂ ಅದೇ ಇತ್ತು. ಹೊಸದಾಗಿ ಸ್ಟೈರೀನ್ ಅನ್ನುವ ಪ್ಲಾಸ್ಟಿಕ್ ಹಾಳೆಯಲ್ಲಿ ಕಟ್ಟಿದೆ. ನಮ್ಮ ಕಡೆ ಅಕ್ರಿಲಿಕ್ ಅಂಟಿಸುವ ಕ್ಲೋರೋಫಾರ್ಮ್ ಇದಕ್ಕೂ ಹಿಡಿಯುತ್ತದೆ. ಬ್ರಷ್ಷಿನ ತುದಿಯಲ್ಲಿ ಮುಟ್ಟಿಸಿದರೆ ಸಾಕು, ಜಾಸ್ತಿಯಾದರೆ ಹಾಳೆಯೇ ಕರಗುತ್ತದೆ. ಕಿಟಕಿ ತೆಗೆದಿಡಿ, ಆ ಆವಿ ಒಳ್ಳೆಯದಲ್ಲ.

ದೊಡ್ಡ ಟೆಂಡರಿನಿಂದ ಇನ್ನೊಂದು ಲಾಭ. ಪುಟ್ಟ ಶಂಟರ್‌ಗಳು ಪಾಯಿಂಟಿನ ಪ್ಲಾಸ್ಟಿಕ್ ತುಂಡಿನ ಮೇಲೆ ಹಳಿಯಿಂದ ಕರೆಂಟು ಸಿಗದೆ ಗಕ್ಕನೆ ನಿಲ್ಲುತ್ತವೆ. ಟೆಂಡರಿನ ಎಂಟು ಚಕ್ರಗಳಿಂದಲೂ ಕರೆಂಟು ಎಳೆದುಕೊಂಡರೆ ಆ ಕಾಟ ಹೋಗುತ್ತದೆ. ಎಂಜಿನ್‌ಗೆ ಸೀಸದ ಚೂರು ತುಂಬಬೇಕು, ಭಾರ ನಡುವಿನ ಚಕ್ರದ ಮೇಲೆ ಕೂರುವ ಹಾಗೆ.

ಬಣ್ಣಕ್ಕೆ ಮಳೆ ನಿಲ್ಲಲಿ ಅಂತ ಕಾದೆ. ತೇವದ ಗಾಳಿಯಲ್ಲಿ ಲ್ಯಾಕರ್ ಹೊಡೆದರೆ ಬೂದಿ ಬಳಿದ ಹಾಗೆ ಮಸುಕಾಗುತ್ತದೆ. ಪೆನ್ಸಿಲ್ವೇನಿಯಾದ ಹಸಿರು ಕಪ್ಪಿಗೆ ತೀರಾ ಹತ್ತಿರ, ಬಿಸಿಲಿಗೆ ಹಿಡಿದರೆ ಮಾತ್ರ ಹಸಿರು ಅಂತ ಗೊತ್ತಾಗುತ್ತದೆ. ಮೇಲೆ ಸ್ವಲ್ಪ ಮಸಿ, ಸ್ವಲ್ಪ ಧೂಳು. ಇಷ್ಟು ಪೈಪು ಕೂರಿಸಿದ ಮೇಲೆ ಅದನ್ನೆಲ್ಲ ಕೊಳೆಯಲ್ಲಿ ಮುಚ್ಚುವ ಮನಸ್ಸು ನನಗಂತೂ ಬರುವುದಿಲ್ಲ.

ಒಂದು ಮಾತ್ರ ಬಾಕಿ ಉಳಿಯಿತು. ನಮಗೆ ಸಿಕ್ಕ ಒಳ್ಳೆಯ ಫೋಟೋ ಬಲಬದಿಯದ್ದು. ಅದೇ ನಂಬರಿನ ಎಡಬದಿ ಎಲ್ಲೂ ಸಿಗಲಿಲ್ಲ. ಊಹೆ ಮಾಡಿ ಪೈಪು ಹಾಕಲು ನನಗೆ ಮನಸ್ಸಿಲ್ಲ. ಅವರ ಯಾರ್ಡು ಜಯನಗರದ ಮನೆಯಲ್ಲಿ ಗೋಡೆಗೆ ಹೊಂದಿಸಿದ ಉದ್ದನೆಯ ಹಲಗೆಯ ಮೇಲಿದೆ. ಅದರಲ್ಲಿ ಎಂಜಿನ್ ತಿರುಗಿಸುವ ಜಾಗವೇ ಇಲ್ಲ. ಎಡಬದಿ ಯಾವಾಗಲೂ ಗೋಡೆಯ ಕಡೆಗೇ ಇರುತ್ತದೆ. ಅದನ್ನು ಸದ್ಯಕ್ಕೆ ಬೋಳಾಗಿಯೇ ಬಿಟ್ಟಿದ್ದೇನೆ.