ಮಲೆನಾಡಿನ ಗರುಡವನ್ನು ಚಿತ್ರೀಕರಣಕ್ಕೆ ಪಳಗಿಸಬಹುದೇ?

ಪ್ರಶ್ನೆ: ತೀರ್ಥಹಳ್ಳಿಯ ಸುತ್ತಮುತ್ತ ಕಿರುಚಿತ್ರವೊಂದನ್ನು ಚಿತ್ರೀಕರಿಸುತ್ತಿದ್ದೇವೆ. ಗರುಡವೊಂದು ಹಾರಿಬಂದು ನಾಯಕನ ಕೈಮೇಲೆ ಕೂರುವ ದೃಶ್ಯವಿದೆ. ಇಲ್ಲಿಯದೇ ಹಕ್ಕಿಯನ್ನು ಹಿಡಿದು ಪಳಗಿಸಲು ಎಷ್ಟು ದಿನ ಬೇಕಾಗುತ್ತದೆ?

ಉತ್ತರ: ದಿನದ ಲೆಕ್ಕಕ್ಕೆ ಮೊದಲೇ ಕಾನೂನು ಅಡ್ಡ ಬರುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ದೃಷ್ಟಿಯಲ್ಲಿ ಹಕ್ಕಿಯನ್ನು ಹಿಡಿಯುವುದೂ ಬೇಟೆಯೇ. ಬೇಟೆಗೆ ಪಳಗಿಸಿದ ಡೇಗೆಗೆ ‘ಸಾಳುವ’ ಎಂಬ ಹೆಸರಿಟ್ಟಿದ್ದ ನಾಡು ನಮ್ಮದು, ನಿಜ. ಆದರೆ ಆ ಕಾಲ ಮುಗಿದಿದೆ.

ವಿದೇಶಿ ಚಿತ್ರಗಳಲ್ಲಿ ಕಾಣುವುದು ಸಾಮಾನ್ಯವಾಗಿ ಸಾಕಣೆಯಲ್ಲೇ ಹುಟ್ಟಿದ ಹಕ್ಕಿಗಳು. ಅವುಗಳಲ್ಲಿ ಅಮೆರಿಕ ಖಂಡಗಳ ಹ್ಯಾರಿಸ್ ಗಿಡುಗಕ್ಕೆ ಬೇಡಿಕೆ ಹೆಚ್ಚು. ಕಾಡಿನಲ್ಲೂ ಗುಂಪಾಗಿ ಬೇಟೆಯಾಡುವ ಹಕ್ಕಿಯಾದ್ದರಿಂದ ಅದು ಜನರೊಡನೆ ಬೇಗ ಹೊಂದಿಕೊಳ್ಳುತ್ತದೆ. ಅದೂ ನಟಿಸುವುದಿಲ್ಲ, ತುತ್ತಿಗಾಗಿ ಬರುತ್ತದೆ, ಅಷ್ಟೆ. ಪಳಗಿಸುವವರು ದಿನವೂ ಅದನ್ನು ತಕ್ಕಡಿಯ ಮೇಲೆ ಕೂರಿಸಿ ಗ್ರಾಂ ಲೆಕ್ಕದಲ್ಲಿ ತೂಗುತ್ತಾರೆ: ತೂಕ ತುಸು ಹೆಚ್ಚಿದ್ದರೆ ಹಕ್ಕಿ ಕರೆದರೂ ಬಾರದೆ ಮರದ ಮೇಲೆಯೇ ಕುಳಿತುಬಿಡುತ್ತದೆ, ತೀರ ಇಳಿದರೆ ನಿತ್ರಾಣವಾಗುತ್ತದೆ. ಒಬ್ಬರು ಚೌಕಟ್ಟಿನಾಚೆಯಿಂದ ಅದನ್ನು ಹಾರಿಬಿಡುತ್ತಾರೆ. ನಾಯಕನ ದಪ್ಪ ತೊಗಲಿನ ಕೈಗವಸಿನ ಬೆರಳುಗಳ ನಡುವೆ, ಕ್ಯಾಮೆರಾಕ್ಕೆ ಕಾಣದಂತೆ, ಒಂದು ಚೂರು ಮಾಂಸವಿರುತ್ತದೆ. ಪ್ರತಿ ಟೇಕ್‌ಗೂ ಒಂದು ಚೂರು ಹೊಟ್ಟೆಗಿಳಿಯುವುದರಿಂದ ಹಸಿವು ಇಂಗಿದ ಮೇಲೆ ನಿರ್ದೇಶಕರು ಎಷ್ಟು ಬೇಡಿದರೂ ಹಕ್ಕಿ ಹಾರದು. ಆದ್ದರಿಂದಲೇ ನೋಡಲು ಒಂದೇ ತೆರನಾದ ಎರಡು ಮೂರು ಹಕ್ಕಿಗಳನ್ನು ತಂದಿಟ್ಟುಕೊಂಡಿರುತ್ತಾರೆ. ಹತ್ತಿರದ ಶಾಟ್‌ಗಳಲ್ಲಿ ನಾಯಕನ ಅಂಗಿ ತೊಟ್ಟು ಪಳಗಿಸಿದವರೇ ಕೈ ಚಾಚುವುದೂ ಉಂಟು.

ಅಂಥ ಹಕ್ಕಿಯೊಂದು ದೊರೆತರೂ ಮಲೆನಾಡು ಅದಕ್ಕೆ ಸುಲಭದ ಜಾಗವಲ್ಲ. ಗರಿ ತೋಯ್ದರೆ ಅದು ಸರಿಯಾಗಿ ಹಾರಲಾರದು. ಕಾಜಾಣ, ಕಾಗೆಗಳು ಬೆನ್ನಟ್ಟಿದರೆ ದಟ್ಟ ಕಾಡಿನೊಳಗೆ ನುಗ್ಗಿಬಿಡುತ್ತದೆ. ಮೈಗೆ ಕಟ್ಟಿದ ಪುಟ್ಟ ಟ್ರಾನ್ಸ್‌ಮಿಟರ್‌ನ ಸಂಕೇತ ಹಿಡಿದು ಹುಡುಕಲು ಕಣಿವೆಗಳು ಬಿಡುವುದಿಲ್ಲ. ಜೊತೆಗೆ, ಪಳಗಿದ ಪ್ರಾಣಿಪಕ್ಷಿಗಳನ್ನು ಚಿತ್ರೀಕರಣಕ್ಕೆ ಬಳಸಲು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಪೂರ್ವಾನುಮತಿ ಬೇಕು.

ನನ್ನ ಸಲಹೆ ಇಷ್ಟು. ಹಾರಾಟವನ್ನು ತುಂಗೆಯ ದಡದಲ್ಲಿ ನಿಂತು ದೂರದ ಲೆನ್ಸ್‌ನಲ್ಲಿ ಹಿಡಿಯಿರಿ. ಕಂದು ರೆಕ್ಕೆಯ, ಬಿಳಿ ತಲೆಯ ಗರುಡ ನೀರಿನ ಮೇಲ್ಮೈಯಿಂದ ಮೀನೆತ್ತುವುದು ಅಲ್ಲಿ ಅಪರೂಪವಲ್ಲ. ಕೈಮೇಲೆ ಕೂರುವ ಕ್ಷಣವನ್ನು ಗ್ರಾಫಿಕ್ಸ್‌ಗೆ ಬಿಡಿ. ಧ್ವನಿಯ ವಿಷಯದಲ್ಲಿ ಮಾತ್ರ ಎಚ್ಚರವಿರಲಿ: ಹಾಲಿವುಡ್‌ನವರು ತಮ್ಮ ಹದ್ದುಗಳ ಬಾಯಿಗೆ ಕೆಂಬಾಲದ ಗಿಡುಗದ ಕರ್ಕಶ ಕೂಗನ್ನು ತುರುಕುವ ರೂಢಿಯಿದೆ, ನಮ್ಮವರೂ ಅದನ್ನೇ ಎತ್ತಿ ಹಾಕುತ್ತಾರೆ. ಗರುಡದ ದನಿ ಹಾಗಿಲ್ಲ. ಅದು ಮೂಗಿನಿಂದ ಎಳೆದಂತಿರುವ, ಮರಿಬೆಕ್ಕನ್ನು ನೆನಪಿಸುವ ಕೂಗು. ಅದನ್ನೂ ಹೊಳೆಯ ದಡದಲ್ಲೇ ಧ್ವನಿಮುದ್ರಿಸಿಕೊಳ್ಳಿ.