ಸೌಟಿನ ಹಿಡಿ ಬಿಸಿನೀರಲ್ಲಿ ಯಾಕೆ ಕಳಚಿತು?

ಮರದ ಸೌಟಿನ ಹಿಡಿ ಕಳಚಿ ಬಂದಾಗ ಮನೆಯಲ್ಲಿದ್ದ ಬಿಳಿ ಅಂಟನ್ನೇ ಹಚ್ಚಿ, ದಾರ ಸುತ್ತಿ, ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಎಳೆದು ನೋಡಿದರೆ ಒಳ್ಳೆ ಗಟ್ಟಿ. ಎಲ್ಲಾ ನಾಲ್ಕೇ ದಿನ. ಬಿಸಿನೀರಲ್ಲಿ ನೆನೆಹಾಕಿದ್ದ ಸೌಟನ್ನು ಎತ್ತಿದರೆ ಹಿಡಿ ಮಾತ್ರ ಕೈಗೆ ಬಂತು. ತುದಿಯಲ್ಲಿ ಅಂಟು ಕೆನೆಯ ಹಾಗೆ ಬೆಳ್ಳಗೆ, ಮೆತ್ತಗಾಗಿತ್ತು. ಉಗುರಲ್ಲಿ ಕೆರೆದರೆ ಸುರುಳಿ ಸುರುಳಿಯಾಗಿ ಏಳುತ್ತಿತ್ತು.

ಈ ಬಿಳಿ ಅಂಟಿನ ಪೂರ್ತಿ ಹೆಸರು ಪಾಲಿವಿನೈಲ್ ಅಸಿಟೇಟ್, ಚಿಕ್ಕದಾಗಿ ಪಿವಿಎ. 1912ರಲ್ಲಿ ಜರ್ಮನಿಯ ಫ್ರಿಟ್ಜ್ ಕ್ಲಾಟೆ ಕಂಡುಹಿಡಿದ ವಸ್ತು ಇದು. ಬಾಟಲಿಯೊಳಗೆ ಇದರ ಪುಟ್ಟ ಪುಟ್ಟ ಹನಿಗಳು ನೀರಲ್ಲಿ ತೇಲುತ್ತಿರುತ್ತವೆ. ಮರ ಆ ನೀರನ್ನು ಹೀರಿಕೊಂಡ ಮೇಲೆ ಹನಿಗಳೆಲ್ಲ ಒತ್ತಿಕೊಂಡು ಒಂದೇ ಪದರವಾಗುತ್ತವೆ. ಅದರಲ್ಲಿ ಉದ್ದುದ್ದ ಅಣುಗಳು ದಾರದ ಸಿಕ್ಕಿನ ಹಾಗೆ ಹೆಣೆದುಕೊಂಡಿರುತ್ತವೆ. ಸಿಕ್ಕು ಉಂಟು, ಗಂಟಿಲ್ಲ. ನೀರು ಒಳಗೆ ಹೊಕ್ಕು, ಜೊತೆಗೆ ಬಿಸಿಯೂ ಸೇರಿತೋ, ದಾರಗಳು ಜಾರತೊಡಗುತ್ತವೆ. ನೀರು ತಾಳುವ ಪಿವಿಎಯಲ್ಲಿ ಅಣುಗಳ ನಡುವೆ ಅಲ್ಲಲ್ಲಿ ರಾಸಾಯನಿಕ ಗಂಟು ಬೀಳುವಂತೆ ಮಾಡಿರುತ್ತಾರೆ.

ಹಾಗಂತ ತಪ್ಪೆಲ್ಲ ಅಂಟಿನದ್ದೇ ಅಲ್ಲ. ಮರ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ, ಅದೂ ಒಂದೊಂದು ಕಡೆಗೆ ಒಂದೊಂದು ಥರ. ಹಸಿ ಮರ ಪೂರ್ತಿ ಒಣಗುವಾಗ ಎಳೆಯ ಉದ್ದಕ್ಕೆ ಕುಗ್ಗುವುದು ಶೇ. 0.1–0.2ರಷ್ಟು. ಅಡ್ಡಕ್ಕೆ, ಮರದ ಬೆಳವಣಿಗೆಯ ಉಂಗುರಗಳ ಗುಂಟ, ಹಲವು ಮರಗಳು ಶೇ. 5–10ರಷ್ಟು ಕುಗ್ಗುತ್ತವೆ. ಒಂದು ತುಂಡಿನ ಎಳೆ ಉದ್ದಕ್ಕೆ, ಇನ್ನೊಂದರದ್ದು ಅಡ್ಡಕ್ಕೆ ಇಟ್ಟು ಅಂಟಿಸಿದರೆ ಪ್ರತಿ ಸಲ ತೊಳೆದಾಗಲೂ ಅಲ್ಲಿ ಎಳೆದಾಟ ನಡೆಯುತ್ತಿರುತ್ತದೆ. ಎಂಥ ಅಂಟಾದರೂ ಎಷ್ಟು ದಿನ ತಡೆದೀತು?

ಇನ್ನು ಲೇಬಲ್ಲು. ‘ವಾಟರ್‌ಪ್ರೂಫ್’ ಅಂತ ಬರೆದಿದೆ ಅಂದಮಾತ್ರಕ್ಕೆ ನಾನು ನಂಬುವುದಿಲ್ಲ, ಯಾವ ಪರೀಕ್ಷೆ ದಾಟಿದೆ ಅಂತ ನೋಡುತ್ತೇನೆ. ಅಮೆರಿಕದ ಪ್ಲೈವುಡ್ ಮಾನದಂಡದಲ್ಲಿ ‘ಟೈಪ್ 1’ ಅನ್ನಿಸಿಕೊಳ್ಳಬೇಕಾದರೆ ಅಂಟಿಸಿದ ತುಂಡನ್ನು 4 ಗಂಟೆ ಕುದಿಸುತ್ತಾರೆ, 63 ಡಿಗ್ರಿ ಸೆಲ್ಸಿಯಸ್‌ನಲ್ಲಿ 20 ಗಂಟೆ ಒಣಗಿಸುತ್ತಾರೆ, ಮತ್ತೆ 4 ಗಂಟೆ ಕುದಿಸಿ, ಒದ್ದೆಯಿರುವಾಗಲೇ ಜಗ್ಗಿ ನೋಡುತ್ತಾರೆ. ‘ಟೈಪ್ 2’ರಲ್ಲಿ ಕುದಿಸುವ ಮಾತೇ ಇಲ್ಲ, ನೆನೆಸಿ ಒಣಗಿಸುವುದಷ್ಟೇ. ಟೈಟ್‌ಬಾಂಡ್ ಎಂಬ ಬ್ರ್ಯಾಂಡಿನ ಮರದ ಅಂಟುಗಳಲ್ಲಿ ಟೈಟ್‌ಬಾಂಡ್ 3 ಮೊದಲನೆಯ ಜಾತಿ, ಟೈಟ್‌ಬಾಂಡ್ 2 ಎರಡನೆಯದು. ಆಹಾರಕ್ಕೆ ಪರೋಕ್ಷವಾಗಿ ತಾಗಿದರೆ ತೊಂದರೆಯಿಲ್ಲ ಎಂಬ ಮಾತು ಎರಡರ ಮೇಲೂ ಇದೆ. ಯುರೋಪಿನಲ್ಲಾದರೆ ‘ಡಿ4’ ಎಂಬ ಗುರುತು ನೋಡಬೇಕು. ತಮಾಷೆ ಅಂದ್ರೆ, ಕುದಿಸಿ ಗೆದ್ದ ಟೈಟ್‌ಬಾಂಡ್ 3ನ್ನೂ ಸದಾ ನೀರಲ್ಲಿ ಮುಳುಗಿರುವ ಜಾಗಕ್ಕೆ ಬಳಸಬೇಡಿ ಅಂತ ತಯಾರಕರೇ ಹೇಳುತ್ತಾರೆ.

ಎಪಾಕ್ಸಿ? ನೀರಿಗೆ ಜಗ್ಗುವುದಿಲ್ಲ, ಸಂದಿಯನ್ನೂ ತುಂಬುತ್ತದೆ. ಆದರೆ ಎರಡು ಭಾಗಗಳನ್ನು ಅಳತೆ ತಪ್ಪದೆ ಬೆರೆಸಬೇಕು, ಇಲ್ಲದಿದ್ದರೆ ಸೇರದೇ ಉಳಿದ ರಾಸಾಯನಿಕ ಅಲ್ಲೇ ಕೂತಿರುತ್ತದೆ. ಸಾಮಾನ್ಯ ಎಪಾಕ್ಸಿ ಕುದಿಯುವ ಪಾತ್ರೆಯ ಬಿಸಿಗೆ ಮೆತ್ತಗಾಗುವುದೂ ಉಂಟು. ಪಾಲಿಯುರೆಥೇನ್ ಅಂಟು ತೇವ ಹೀರಿ ಗಟ್ಟಿಯಾಗುತ್ತದೆ, ಹಾಗೆ ಆಗುವಾಗ ನೊರೆ ಬರುತ್ತದೆ. ನೊರೆ ಸಂದಿ ತುಂಬಿದ ಹಾಗೆ ಕಂಡರೂ ಅದಕ್ಕೆ ಬಲವಿಲ್ಲ. ಸೂಪರ್ ಗ್ಲೂ ಸೌಟಿನ ಕೆಲಸಕ್ಕಲ್ಲ, ಬಿಡಿ.

ನನ್ನ ಸೌಟಿಗೆ ಕೊನೆಗೆ ಟೈಪ್ 1 ಪಿವಿಎಯನ್ನೇ ಆರಿಸಿಕೊಂಡೆ. ಜಾಸ್ತಿ ಹೊತ್ತು ಹಿಡಿದದ್ದು ಹಳೇ ಅಂಟು ಕೆರೆಯುವುದು. ಒಣಗಿದ ಪಿವಿಎ ಮೇಲೆ ಹೊಸ ಪಿವಿಎ ಸರಿಯಾಗಿ ಹಿಡಿಯುವುದಿಲ್ಲ, ಅಂಟಿಗೆ ಬರಿ ಮರವೇ ಬೇಕು. ಕೆರೆದು ಕೆರೆದು ಹಿಡಿಯ ತುದಿ ತೂತಿನಲ್ಲಿ ಅಲ್ಲಾಡತೊಡಗಿತು. ಪಿವಿಎ ಸಂದಿ ತುಂಬುವ ಅಂಟಲ್ಲ. ಅದಕ್ಕೇ ಕಾಗದದಷ್ಟು ತೆಳ್ಳಗಿನ ಮರದ ಸಿಪ್ಪೆಯೊಂದನ್ನು ತುದಿಗೆ ಸುತ್ತಿದೆ. ಈಗ ಸುತ್ತಿಗೆಯ ಹಿಡಿಯಲ್ಲಿ ಮೆಲ್ಲಗೆ ತಟ್ಟಿದರಷ್ಟೇ ಒಳಗೆ ಹೋಗುವಷ್ಟು ಬಿಗಿಯಾಯಿತು. ಎರಡೂ ಕಡೆ ಅಂಟು ಸವರಿ ಕೂಡಿಸಿದಾಗ ಸುತ್ತಲೂ ಸಣ್ಣ ಮಣಿಗಳ ಸಾಲಿನಂತೆ ಅಂಟು ಹೊರಬಂತು. ಹಾಗೆ ಬಂದರೆ ಸಾಕಷ್ಟು ಹಚ್ಚಿದ್ದೇವೆ ಅಂತ ಲೆಕ್ಕ. ಒದ್ದೆ ಬಟ್ಟೆಯಲ್ಲಿ ಒರೆಸಿ, ಕಟ್ಟಿ, ಪೂರ್ತಿ ಒಂದು ದಿನ ಮುಟ್ಟಲಿಲ್ಲ.

ಸೌಟು ಈಗ ಕೆಲಸಕ್ಕೆ ಮರಳಿದೆ. ನೆನೆಹಾಕುವುದನ್ನು ಮಾತ್ರ ಬಿಟ್ಟೆ. ತೊಳೆದ ಕೂಡಲೇ ಒರೆಸಿ, ಗಾಳಿಯಾಡುವ ಕಡೆ ನಿಲ್ಲಿಸುತ್ತೇನೆ.